ಅಳಿಯನ ಬಾಯಿಂದ ನಾನು ಮಾಡಿಸಿದ ಭಾಷಣ

ಹೈಸ್ಕೂಲು ಮುಗಿಸಿದ ಹುಡುಗನನ್ನು ಕಾಲೇಜಿಗೆ ಕಳಿಸಬೇಕೋ, ಹೈಸ್ಕೂಲಿನಲ್ಲೇ ಒಂದು ಕೆಲಸ ಕಲಿಸಿ ಬಿಡಬೇಕೋ ಎಂಬ ವಾದ ನಮ್ಮ ಊರಿನ ಕಟ್ಟೆಯ ಮೇಲೆ ಈಗಲೂ ನಡೆಯುತ್ತದೆ. ಪಿಂಚಣಿ ತೆಗೆದುಕೊಳ್ಳುವವರು ಎರಡು ಪಕ್ಷವಾಗಿ ಕೂತು ಸಂಜೆಯವರೆಗೆ ಗಂಟಲು ಹರಿದುಕೊಳ್ಳುತ್ತಾರೆ. ನಾನು ಬಾಯಿ ತೆರೆಯುವುದಿಲ್ಲ. ಬರೀ ಮ್ಯಾಟ್ರಿಕ್ ಮಾಡಿ ಅದರ ಮೇಲೆಯೇ ಜೀವಮಾನವೆಲ್ಲ ಉಂಡವನು ನಾನು, ಹೇಳುವುದು ಬೇಕಾದಷ್ಟಿರಬೇಕು ಎಂದು ಅವರು ನನ್ನನ್ನು ಕೆಣಕುತ್ತಾರೆ. ಹೇಳುವುದನ್ನೆಲ್ಲ ಒಂದು ಕಾಲಕ್ಕೆ ಹೇಳಿಬಿಟ್ಟಿದ್ದೇನೆ. ಆದರೆ ನನ್ನ ಬಾಯಿಂದಲ್ಲ, ನನ್ನ ತಂಗಿಯ ಮಗನ ಬಾಯಿಂದ. ಅದು ಹೇಗೆ, ಏಕೆ ಎಂಬುದನ್ನು ಇದುವರೆಗೆ ಒಬ್ಬನಿಗಲ್ಲದೆ ಬೇರೆ ಯಾರಿಗೂ ಪೂರ್ತಿ ತಿಳಿಸಿಲ್ಲ.

ತಂಗಿ ಗಂಡನನ್ನು ಕಳೆದುಕೊಂಡು, ಐದು ವರ್ಷದ ಮಗನ ಕೈ ಹಿಡಿದುಕೊಂಡು ಉಣಕಲ್ಲಿನ ನಮ್ಮ ಮನೆಗೆ ಬಂದದ್ದು ಉಪ್ಪಿನ ಸತ್ಯಾಗ್ರಹಕ್ಕೆ ಇನ್ನೂ ಕೆಲವು ವರ್ಷ ಇರುವಾಗ. ನಾನು ಆಗ ಹುಬ್ಬಳ್ಳಿಯಲ್ಲಿ ಹತ್ತಿ ಒತ್ತಿ ಅಂಡಿಗೆ ಕಟ್ಟುವ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕಾರಕೂನ. ತಂಗಿ ಬಂದ ಮರುವರ್ಷ ನನಗೆ ಮಗಳು ಹುಟ್ಟಿದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳಿದ ಕೂಡಲೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ನಮ್ಮ ಕಡೆಯ ರೂಢಿ. ಗಂಡ ಇಲ್ಲದವಳು ಹೆಸರಿಡಬಾರದು, ದೂರದ ಸಂಬಂಧದ ಇನ್ನೊಬ್ಬಳನ್ನು ಕರೆಸು ಎಂದು ಹಿರಿಯರು ಹೇಳಿದರು. ನಾನು ಹಠ ಹಿಡಿದು ತಂಗಿಯ ಕೈಯಿಂದಲೇ ಹೆಸರಿಡಿಸಿದೆ. ಹೆಂಗಸರು ಮೊದಲು ಅಂಜುತ್ತ, ಆಮೇಲೆ ಜೋರಾಗಿಯೇ ಗುದ್ದಿದರು. ನಮ್ಮ ಮನೆಗೆ ಬಂದ ಮೇಲೆ ತಂಗಿ ನಕ್ಕದ್ದು ಅದೇ ಮೊದಲು. ಬೆನ್ನು ಬಗ್ಗಿಸಿಕೊಂಡೇ ಅವಳು, "ಎಷ್ಟರ ಹೊಡೀರಿ, ನನ್ನ ಸೊಸಿನ್ನ ನಾನ ಒಯ್ಯಾಕಿ" ಎಂದಳು.

ಆ ಮಾತು ನಮ್ಮ ಮನೆಯಲ್ಲಿ ಕಂಬದಂತೆ ನಿಂತುಬಿಟ್ಟಿತು. ತಂಗಿಯ ಮಗನಿಗೆ ನನ್ನ ಮಗಳು. ಅದನ್ನು ಯಾರೂ ಮತ್ತೆ ಕೇಳಲಿಲ್ಲ, ಹೇಳಲಿಲ್ಲ. ಕೇಳಬೇಕಾದ ಇಬ್ಬರೂ ಚಿಕ್ಕವರಿದ್ದರು.

ಹುಡುಗ ಉಣಕಲ್ಲಿನಿಂದ ಹುಬ್ಬಳ್ಳಿಯ ಹೈಸ್ಕೂಲಿಗೆ ನಡೆದುಕೊಂಡು ಹೋಗುತ್ತಿದ್ದ. ಮಾತು ಕಡಿಮೆ. ಭೂಮಿತಿ ಎಂದರೆ ಮಾತ್ರ ಅವನ ಮುಖವೇ ಬೇರೆಯಾಗುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ದಾಟಿದ ಪ್ರಮೇಯಗಳನ್ನು ಅವನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ, ಪುಸ್ತಕದಲ್ಲಿ ಇಲ್ಲದ ದಾರಿಯಿಂದ ಬಿಡಿಸುತ್ತಿದ್ದ. ಹೈಸ್ಕೂಲಿನ ಹೆಡ್‌ಮಾಸ್ತರರು ಸ್ವತಃ ಗಣಿತ ಕಲಿಸುತ್ತಿದ್ದರು. ಒಮ್ಮೆ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, ಹುಡುಗನನ್ನು ಧಾರವಾಡದ ಕಾಲೇಜಿಗೆ ಕಳಿಸಲೇಬೇಕು, ಅಲ್ಲಿಂದ ಪುಣೆಗೆ ಹೋಗಿ ಇಂಜಿನಿಯರ್ ಆಗಿ ಬರುತ್ತಾನೆ ಎಂದರು. ಅವರಿಗೆ ಪರಿಚಯದ ಒಬ್ಬ ದಾನಿಗಳು ವರ್ಷಕ್ಕೆ ಒಬ್ಬ ಹುಡುಗನ ಕಾಲೇಜಿನ ಖರ್ಚು ಪೂರಾ ಹೊರುತ್ತಿದ್ದರು. ಆ ಹುಡುಗನನ್ನು ಆರಿಸುವುದು ಹೆಡ್‌ಮಾಸ್ತರರ ಕೈಯಲ್ಲಿತ್ತು. ನಾನು ಕೈ ಮುಗಿದೆ. ಮನೆಗೆ ಬಂದು ಎಲ್ಲರಿಗೂ ಹೇಳಿದೆ. ನನಗೆ ಆ ದಿನ ನಿಜವಾಗಿಯೂ ಸಂತೋಷವಾಗಿತ್ತು. ಅದನ್ನೂ ಬರೆಯಬೇಕು.

ಕೆಲವು ತಿಂಗಳ ಮೇಲೆ ನಮ್ಮ ಕಾರ್ಖಾನೆಯಲ್ಲಿ ತೂಕ ನೋಡುವ, ಬೈರಿದೇವರಕೊಪ್ಪದ ಮನುಷ್ಯ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದವನು ನನ್ನ ಮೇಜಿನ ಮುಂದೆ ಕೂತು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನ ತಂಗಿಯ ಮಗ ಬಿ.ಎ. ಮುಗಿಸಿ ಬಂದಿದ್ದ. ಹುಟ್ಟಿದಾಗಿನಿಂದ ಗೊತ್ತು ಮಾಡಿದ್ದ ಮಾವನ ಮಗಳನ್ನು, ಅಂದರೆ ಇವನ ಮಗಳನ್ನು, ಒಲ್ಲೆ ಎಂದಿದ್ದ. "ಹುಡುಗಿಗೆ ಪತ್ರಾ ಬರ್ಯಾಕ ಬರೂದಿಲ್ಲಂತ್ರಿ" ಎಂದ ಅವನು. "ಅವಗ ಹೆಂಡ್ತಿ ಬೇಕೋ, ಪೋಸ್ಟ್‌ಮಾಸ್ತರ ಬೇಕೋ?" ಕಚೇರಿಯಲ್ಲಿದ್ದವರು ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ಹುಡುಗಿಗೆ ಹದಿನಾರು ದಾಟಿತ್ತು. ಆ ಕಾಲಕ್ಕೆ ಅದು ದೊಡ್ಡ ವಯಸ್ಸು. ಊರೆಲ್ಲ ಅವಳನ್ನು ಇಂಥವನ ಹೆಂಡತಿಯಾಗುವವಳು ಎಂದೇ ಕರೆದು ರೂಢಿಯಾಗಿತ್ತು.

ಅವತ್ತು ಮನೆಗೆ ನಡೆದು ಬರುವಾಗ ನನ್ನ ತಲೆಯಲ್ಲಿ ನನ್ನ ಮಗಳೇ ಇದ್ದಳು. ಕನ್ನಡ ನಾಲ್ಕನೆಯ ಇಯತ್ತೆಗೆ ನಾನೇ ಅವಳನ್ನು ಶಾಲೆ ಬಿಡಿಸಿದ್ದೆ. ಹೆಂಡತಿಯ ಮುಂದೆ ನನ್ನ ಅಂಜಿಕೆಯನ್ನು ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ, "ಹಂಗಾರ ಹುಡುಗಿನ್ನ ತಿರುಗಿ ಸಾಲಿಗೆ ಕಳಸ್ರಿ" ಎಂದಳು. ಎಂಥ ಸೀದಾ ಮಾತು ಅದು. ನನಗೆ ಅದು ಮಾತೆಂದೇ ಅನ್ನಿಸಲಿಲ್ಲ. ನಿನಗೇನು ತಿಳಿಯುತ್ತದೆ ಎಂದು ಎದ್ದು ಹೋದೆ. ಇಬ್ಬರ ನಡುವಿನ ಅಂತರವನ್ನು ಮಗಳನ್ನು ಮೇಲಕ್ಕೆ ಎತ್ತಿ ಕಡಿಮೆ ಮಾಡಬಹುದಿತ್ತು. ಹುಡುಗನನ್ನು ಕೆಳಗೆ ಹಿಡಿದು ಕಡಿಮೆ ಮಾಡುವ ದಾರಿಯಷ್ಟೇ ನನಗೆ ಕಂಡಿತು.

ಕಾಲೇಜಿಗೆ ಕಳಿಸುವುದಿಲ್ಲ ಎಂದು ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದ್ದರೆ ಕಾರಣ ಕೇಳುತ್ತಿದ್ದರು. ಖರ್ಚಿನ ನೆವ ಹೇಳುವಂತಿರಲಿಲ್ಲ, ದಾನಿಗಳಿದ್ದರು. ಹೀಗಿರುವಾಗ ಹೈಸ್ಕೂಲಿನ ಸ್ನೇಹಸಮ್ಮೇಳನ ಬಂತು. ಮ್ಯಾಟ್ರಿಕ್ ಹುಡುಗರ ಚರ್ಚೆಗೆ ಹೆಡ್‌ಮಾಸ್ತರರು ಇಟ್ಟ ವಿಷಯ, ಉದ್ಯೋಗಕ್ಕೆ ತಯಾರಾಗಲು ಹೈಸ್ಕೂಲೇ ಸಾಕು, ಕಾಲೇಜು ಬೇಡ ಎಂಬುದು. ಆ ವರ್ಷಗಳಲ್ಲಿ ಬಿ.ಎ. ಆದವರು ಕೆಲಸ ಸಿಗದೆ ಅಲೆಯುತ್ತಿದ್ದರು, ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ಅಳಿಯ ಕಾಲೇಜಿನ ಪಕ್ಷ ಹಿಡಿದು ಮಾತಾಡುವುದೆಂದು ಹೆಸರು ಕೊಟ್ಟು ಬಂದಿದ್ದ. ನಾನು ಹೆಸರನ್ನು ಬದಲಾಯಿಸಲು ಹೇಳಿದೆ. ಹೈಸ್ಕೂಲಿನ ಪಕ್ಷವೇ ಗೆಲ್ಲುವ ಪಕ್ಷ, ನಾನೇ ಭಾಷಣ ಬರೆದುಕೊಡುತ್ತೇನೆ ಎಂದೆ. ಅವನು ಹೂಂ ಎಂದ. ನಮ್ಮ ಮನೆಗೆ ಬಂದಂದಿನಿಂದ ಅದುವರೆಗೆ ಅವನು ನನಗೆ ಎದುರು ಮಾತಾಡಿದ್ದು ನನಗೆ ನೆನಪಿಲ್ಲ.

ಒಂದು ವಾರ ಕೂತು ಬರೆದೆ. ನಾಚಿಕೆಯಾದರೂ ಹೇಳುತ್ತೇನೆ, ಭಾಷಣ ಚೆನ್ನಾಗಿತ್ತು. ನಮ್ಮ ಕಚೇರಿಗೆ ಕೆಲಸ ಕೇಳಿಕೊಂಡು ಬಂದ ಬಿ.ಎ. ಒಬ್ಬ, ರೈಲಿನಲ್ಲಿ ಅಂಡಿಗೆ ಕಳಿಸುವ ಬಗ್ಗೆ ಒಂದು ಪತ್ರ ಬರೆಯಲು ಬಾರದೆ, ಮಾಲಕರ ಮುಂದೆ ಬೆವರಿದ್ದನ್ನು ಅದರಲ್ಲಿ ಹಾಕಿದೆ. ನಾಲ್ಕು ವರ್ಷ ಇಂಗ್ಲಿಷ್ ಕವಿತೆ ಓದಿ ಬಂದವನಿಗೆ ಹತ್ತಿಯ ಎಳೆ ಉದ್ದವೋ ಗಿಡ್ಡವೋ ತಿಳಿಯದು ಎಂದು ಬರೆದೆ. ಹೈಸ್ಕೂಲಿನಲ್ಲೇ ಟೈಪ್ ಮಾಡುವುದು, ವ್ಯಾಪಾರದ ಪತ್ರ ಬರೆಯುವುದು, ನಕ್ಷೆ ತೆಗೆಯುವುದು ಕಲಿಸಿದರೆ ಬಡವರ ಮಗ ಹದಿನೇಳಕ್ಕೇ ತಾಯಿಯನ್ನು ಸಾಕಬಲ್ಲ ಎಂದೆ. ತಾಯಿ ಎಂಬ ಮಾತು ಬರುವಲ್ಲಿ ಸ್ವಲ್ಪ ನಿಲ್ಲು ಎಂದು ಅಳಿಯನಿಗೆ ಹೇಳಿಕೊಟ್ಟೆ. ವಿಧವೆಯ ಮಗ ಅದನ್ನು ಹೇಳಿದಾಗ ಜನರ ಮೇಲೆ ಏನು ಪರಿಣಾಮ ಆಗುತ್ತದೆಂದು ನನಗೆ ಗೊತ್ತಿತ್ತು.

ಹಿತ್ತಲಿನಲ್ಲಿ ನಿಲ್ಲಿಸಿ ಅವನಿಗೆ ತಾಲೀಮು ಮಾಡಿಸಿದೆ. ಮೊದಮೊದಲು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದ. ನನಗೆ ಸಿಟ್ಟು ಬಂತು.

"ನಿನಗ ಖರೇ ಅನಿಸಿದಂಗ ಹೇಳಬೇಕೋ. ಹಿಂಗ ಹೇಳಿದ್ರ ಯಾರು ಕೇಳ್ತಾರ?"

"ಖರೇ ಅನಸವಲ್ದು ಮಾಮಾ" ಎಂದ ಅವನು, ಮೆತ್ತಗೆ.

"ಅನಸೂಮಟಾ ಹೇಳು."

ಅವನು ಹೇಳಿದ. ಹತ್ತು ಸಲ, ಇಪ್ಪತ್ತು ಸಲ. ಸಮ್ಮೇಳನದ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಳಿಯ ನಿಂತು ಮಾತಾಡಿದ ರೀತಿ ನೋಡಿ ನನಗೇ ಗಾಬರಿಯಾಯಿತು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದ. ತಾಯಿಯ ಮಾತು ಬಂದಾಗ ಮುಂದಿನ ಸಾಲಿನಲ್ಲಿ ಒಬ್ಬರು ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಬಹುಮಾನ ಅವನಿಗೇ ಬಂತು. ಅಧ್ಯಕ್ಷರ ಕುರ್ಚಿಯಲ್ಲಿದ್ದ ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಲಿಲ್ಲ. ಅವನನ್ನೇ ನೋಡುತ್ತ ಕೂತಿದ್ದರು.

ಮ್ಯಾಟ್ರಿಕ್ಕಿನ ಫಲಿತಾಂಶ ಬಂದ ವಾರ ಅವರು ನಮ್ಮ ಮನೆಗೆ ಬಂದರು. ಅಳಿಯ ಗಣಿತದಲ್ಲಿ ಇಡೀ ಶಾಲೆಗೆ ಮೊದಲಿಗನಾಗಿದ್ದ. ಹೆಡ್‌ಮಾಸ್ತರರು ಪಡಸಾಲೆಯಲ್ಲಿ ಕೂತರು, ಚಹಾ ಬಂತು. ತಂಗಿ ಒಳಗಿನ ಬಾಗಿಲ ಹಿಂದೆ ನಿಂತಿದ್ದಳು, ಅವಳ ಸೀರೆಯ ಅಂಚು ಕಾಣುತ್ತಿತ್ತು. ದಾನಿಗಳಿಗೆ ಹೆಸರು ಕಳಿಸುವ ಹೊತ್ತು ಬಂದಿದೆ ಎಂದು ಅವರು ಹೇಳಿದರು. ಆದರೆ ಸಮ್ಮೇಳನದ ದಿನದಿಂದ ತಮಗೊಂದು ಸಂಶಯವಿದೆ, ಕಾಲೇಜು ಬೇಡವೆಂದು ಮನಸ್ಸಿನಲ್ಲಿ ಇರುವ ಹುಡುಗನಿಗೆ ಆ ಜಾಗ ಕೊಡಿಸಿ ಇನ್ನೊಬ್ಬನದನ್ನು ತಪ್ಪಿಸುವುದು ಪಾಪ ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, "ಆ ಭಾಷಣ ಹುಡುಗಂದೋ, ನಿಮ್ದೋ? ಅಷ್ಟ ಹೇಳ್ರಿ" ಎಂದು ಕೇಳಿದರು.

ಒಂದು ಮಾತು. ನನ್ನದು ಎಂದಿದ್ದರೆ ಸಾಕಿತ್ತು. ನಾನು ಅಳಿಯನನ್ನು ಕರೆದೆ. ಕರೆದು, ಅವನ ಮೇಲೆಯೇ ಹಾಕಿದೆ.

"ಸರ್ ಕೇಳಾಕತ್ತಾರ. ನೀನ ಹೇಳು" ಎಂದೆ.

ಅವನು ಹೆಡ್‌ಮಾಸ್ತರರನ್ನು ನೋಡಲಿಲ್ಲ. ಒಳಗಿನ ಬಾಗಿಲ ಕಡೆಗೊಮ್ಮೆ ನೋಡಿದ, ಆಮೇಲೆ ನೆಲ ನೋಡಿದ. "ನಾ ಹೇಳಿದ್ದು ನನ್ನ ಮಾತರಿ ಸರ್" ಎಂದ.

ಹೆಡ್‌ಮಾಸ್ತರರು ಚಹಾದ ಕಪ್ಪು ಎತ್ತಿಕೊಂಡರು. ಇನ್ನೊಮ್ಮೆ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಅವರು ಕೇಳಲಿಲ್ಲ. ಚಹಾ ಕುಡಿದು ಮುಗಿಸಿ, ಹುಡುಗನ ತಲೆಯ ಮೇಲೆ ಕೈ ಇಟ್ಟು, ಬರುತ್ತೇನೆ ಎಂದು ಹೊರಟರು. ದಾನಿಗಳ ಹಣ ಆ ವರ್ಷ ಬೇರೊಬ್ಬ ಹುಡುಗನಿಗೆ ಹೋಯಿತು. ಅವನು ವಕೀಲನಾದ, ತೀರ ದೊಡ್ಡವನೇನೂ ಆಗಲಿಲ್ಲ ಎಂದು ಕೇಳಿದ್ದೇನೆ. ಎಷ್ಟೋ ವರ್ಷ ಆ ಸುದ್ದಿಯನ್ನು ನನಗೆ ನಾನೇ ಸಮಾಧಾನಕ್ಕೆ ಹೇಳಿಕೊಳ್ಳುತ್ತಿದ್ದೆ.

ಭಾಷಣದ ಗುಂಗಿನಲ್ಲಿ ಶಾಲೆಯ ಕಮಿಟಿಯವರು ಮ್ಯಾಟ್ರಿಕ್ ಆದವರಿಗೆ ಒಂದು ವರ್ಷದ ಉದ್ಯೋಗ ವರ್ಗ ತೆರೆದರು. ಒಂದು ಟೈಪ್‌ರೈಟರು, ಒಬ್ಬ ಮಾಸ್ತರರು, ಹನ್ನೊಂದು ಹುಡುಗರು. ಹುಡುಗರು ಸರತಿಯ ಮೇಲೆ ಟೈಪ್ ಮಾಡಬೇಕು, ಉಳಿದವರು ಮೇಜಿನ ಮೇಲೆ ಕಾಗದ ಇಟ್ಟು, ಅದರ ಮೇಲೆ ಅಕ್ಷರದ ಮನೆಗಳನ್ನು ಗೀರಿಕೊಂಡು ಬೆರಳು ಬಡಿಯಬೇಕು. ನಮ್ಮ ಅಳಿಯ ಆ ವರ್ಗದ ಮೊದಲ ವಿದ್ಯಾರ್ಥಿ. ಭಾಷಣ ಮಾಡಿದವನು ಬೇರೆ ಎಲ್ಲಿಗೆ ಹೋದಾನು? ಎರಡು ವರ್ಷಕ್ಕೆ ಮಾಸ್ತರರಿಗೆ ಮುಂಬಯಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ವರ್ಗ ನಿಂತಿತು. ನಾನು ಮಾಲಕರ ಕೈಕಾಲು ಹಿಡಿದು ಅಳಿಯನನ್ನು ನಮ್ಮ ಕಚೇರಿಯಲ್ಲೇ ಟೈಪಿಸ್ಟ್ ಆಗಿ ಸೇರಿಸಿದೆ. ಅವನ ಮೇಜು ನನ್ನ ಮೇಜಿನ ಪಕ್ಕಕ್ಕೇ ಬಂತು. ಮಗಳು ದೊಡ್ಡವಳಾದ ಮೇಲೆ ಮದುವೆಯನ್ನೂ ಮಾಡಿದೆ. ಬೈರಿದೇವರಕೊಪ್ಪದವನು ಬಂದು ಉಂಡು, ನಿನ್ನದು ಗಟ್ಟಿ ನಸೀಬು ಎಂದು ಹೇಳಿ ಹೋದ.

ಇಬ್ಬರೂ ಚೆನ್ನಾಗಿ ಬಾಳಿದರು. ಚೆನ್ನಾಗಿ ಬಾಳಿದ್ದೇ ನನಗೆ ಶಿಕ್ಷೆಯಾಯಿತು. ಮದುವೆಯಾದ ಮೇಲೆ ಅಳಿಯ ಸಂಜೆ ಹೊತ್ತು ನನ್ನ ಮಗಳಿಗೆ ಓದಿಸತೊಡಗಿದ. ಮಕ್ಕಳ ಪಾಟಿಯ ಮೇಲೆ ಶುರುವಾದದ್ದು ಎರಡು ವರ್ಷದಲ್ಲಿ ವರ್ತಮಾನಪತ್ರಿಕೆಗೆ ಬಂತು. ಯುದ್ಧದ ಸುದ್ದಿಯನ್ನು ಅವಳೇ ನನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ವಿಳಾಸ ಬರೆಯುತ್ತಿದ್ದಳು. ನಾನು ಅಷ್ಟು ವರ್ಷ ಯಾವುದಕ್ಕೆ ಅಂಜಿದ್ದೆನೋ ಅದು ಒಂದು ಪಾಟಿ, ಒಂದು ಬಳಪದಲ್ಲಿ ಮುಗಿದುಹೋಗುವ ಸಂಗತಿಯಾಗಿತ್ತು. ಅವಳು ನೆರೆಯ ಹೆಂಗಸರಿಗೆ, "ನಮ್ಮವರಿಗೆ ಕಾಲೇಜಿನ ಖರ್ಚ ಕೊಡ್ತೇವಂದ್ರೂ ಬ್ಯಾಡಂದ್ರು. ತಾಯಿನ್ನ ಜ್ವಾಕಿ ಮಾಡೂದ ದೊಡ್ಡದು ಅಂತ ಸಭಾದಾಗ ಎದ್ದು ನಿಂತು ಹೇಳಿದ್ರು" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದೆ. ಅಳಿಯನೂ ಕೇಳುತ್ತಿದ್ದ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ.

ಯುದ್ಧ ಮುಗಿದ ಹೊಸದರಲ್ಲಿ ಕಾರ್ಖಾನೆಗೆ ಅಂಡಿಗೆ ಇಡುವ ಹೊಸ ಶೆಡ್ಡು ಕಟ್ಟಲು ಪುಣೆಯಿಂದ ಒಬ್ಬ ಇಂಜಿನಿಯರರು ಬಂದರು. ಅವರ ನಕ್ಷೆಯ ಜೊತೆಗಿದ್ದ ಅಳತೆಯ ಯಾದಿಯನ್ನು ಟೈಪ್ ಮಾಡಲು ಅಳಿಯನಿಗೆ ಕೊಟ್ಟಿದ್ದರು. ಅವನು ಅರ್ಧ ಟೈಪ್ ಮಾಡಿ ನಿಲ್ಲಿಸಿದ. ಎದ್ದು ಹೋಗಿ, ಮಾಡಿನ ಇಳಿಜಾರು ಹೀಗಿದ್ದರೆ ತೊಲೆಯ ಈ ಅಳತೆ ಹೊಂದುವುದಿಲ್ಲ ಎಂದು ಇಂಜಿನಿಯರರಿಗೆ ಹೇಳಿದ. ಅವರು ನಕ್ಕರು. ಟೈಪಿಸ್ಟ್ ಸಾಹೇಬರಿಗೆ ನಮ್ಮ ಕೆಲಸವೂ ಬರುತ್ತದೆ ಎಂದು ಮಾಲಕರಿಗೆ ಚೇಷ್ಟೆ ಮಾಡಿದರು. ಅಳಿಯ ಒಂದು ರದ್ದಿ ಕಾಗದ ತೆಗೆದುಕೊಂಡು, ಎರಡು ಗೆರೆ ಎಳೆದು, ನಾಲ್ಕು ಸಾಲು ಲೆಕ್ಕ ಮಾಡಿ ಅವರ ಮುಂದೆ ಇಟ್ಟ. ಅವರು ಬಹಳ ಹೊತ್ತು ಅದನ್ನು ನೋಡಿದರು. ನಗು ಹೋಯಿತು. ಒಳ್ಳೆಯ ಮನುಷ್ಯರು, ತಮ್ಮ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡರು. ಆಮೇಲೆ ಎಲ್ಲಿ ಓದಿದ್ದು ಎಂದು ಅಳಿಯನನ್ನು ಕೇಳಿದರು. ಬರೀ ಮ್ಯಾಟ್ರಿಕ್ ಎಂದ. ಹಾಗಾದರೆ ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು.

"ಟೈಪ್ ಮಾಡತೇನ್ರಿ" ಎಂದ ಅಳಿಯ. ತಿರುಗಿ ಬಂದು ಯಾದಿಯ ಉಳಿದ ಅರ್ಧವನ್ನು ಟೈಪ್ ಮಾಡಲು ಕೂತ.

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿರುತ್ತಿತ್ತು. ಆ ದಿನ ಒಂದು ಪತ್ರವನ್ನೂ ನನ್ನಿಂದ ಸರಿಯಾಗಿ ಬರೆಯಲಾಗಲಿಲ್ಲ. ನನ್ನ ಆ ಭಾಷಣದ ವಾದದಲ್ಲಿ ಎಲ್ಲಿ ಸುಳ್ಳಿತ್ತು ಎಂದು ಹುಡುಕಿದೆ. ಸುಳ್ಳು ಸಿಗಲಿಲ್ಲ. ಎಲ್ಲರಿಗೂ ಕಾಲೇಜು ಬೇಕಿಲ್ಲ, ಹದಿನೇಳರ ಹುಡುಗನ ಕೈಗೆ ಶಾಲೆಯೇ ಒಂದು ಕಸುಬು ಕೊಡಬೇಕು. ಇದನ್ನು ಇವತ್ತಿಗೂ ಅಲ್ಲಗಳೆಯಲಾರೆ. ನನ್ನಂಥ ಸಾಧಾರಣ ತಲೆಯವನಿಗೆ ಅದು ಸಾಕಾಗಿತ್ತು. ಆದರೆ ನಾನು ಅದನ್ನು ಯಾರ ಹಿತಕ್ಕಾಗಿ ಬರೆದೆನೋ ಆ ನನ್ನ ಮಗಳ ಹೆಸರು ಭಾಷಣದಲ್ಲಿ ಎಲ್ಲಿಯೂ ಇರಲಿಲ್ಲ. ಎಷ್ಟೋ ಹುಡುಗರಿಗೆ ಸಲ್ಲುವ ಮಾತನ್ನು ತಂದು, ಅದು ಸಲ್ಲದ ಒಬ್ಬನೇ ಒಬ್ಬ ಹುಡುಗನ ಕಾಲಿಗೆ ಕಟ್ಟಿದೆ.

ಮುಂದಿನ ರವಿವಾರ ಮಧ್ಯಾಹ್ನ, ಊರ ಹೊರಗೆ ತಿರುಗಾಡಿ ಬರೋಣವೆಂದು ಅವನನ್ನು ಕರೆದುಕೊಂಡು ಕೆರೆಯ ದಂಡೆಗೆ ಹೋದೆ. ತಂಗಿ ತೀರಿಕೊಂಡು ಆಗ ವರ್ಷವಾಗಿತ್ತು. ಏನೇನೋ ಮಾತಾಡಿದೆ. ಕೊನೆಗೆ ಬೈರಿದೇವರಕೊಪ್ಪದವನ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ನೀರನ್ನೇ ನೋಡುತ್ತಿದ್ದೆ.

"ನನಗ ಗೊತ್ತಿತ್ತು ಮಾಮಾ" ಎಂದ ಅವನು.

"ಯಾವಾಗಿಂದ?"

"ಆವಾಗಿಂದ. ಸರ್ ಬರೂ ಮುಂಚೆ ಅವ್ವ ಹೇಳಿದ್ಳು. ಮಾಮಾಗ ಮಗಳ ಚಿಂತಿ ಹತ್ತೇತಿ, ಅಂವ ನನ್ನ ಕಡಿಂದ ಹೆಸರ ಇಡಿಸಿದಂವ, ಅಂವಗ ಎದುರಾಡಬ್ಯಾಡ ಅಂತ."

ನಾನು ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ತಂಗಿಗೆ ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಮಗನ ಬಾಯಿಂದ ಆ ಮಾತು ಬರುವುದನ್ನು ಕಾದಿದ್ದಳು. ನಾನು ಒಳ್ಳೆಯದೆಂದು ತಿಳಿದು ಮಾಡಿದ್ದ ಒಂದೇ ಒಂದು ಕೆಲಸದ ಋಣವನ್ನೂ ಅವಳು ಮಗನಿಂದ ತೀರಿಸಿ ಹೋಗಿದ್ದಳು. ಅಳಿಯ ನಿಂತೇ ಇದ್ದ. ನಾನು ಕೇಳಬಾರದ ಒಂದು ಮಾತು ಕೇಳಿದೆ. ಕಾಲೇಜಿಗೆ ಹೋಗಿದ್ದರೆ ನನ್ನ ಮಗಳನ್ನು ಬಿಡುತ್ತಿದ್ದೆಯಾ ಎಂದೆ.

ಅವನು ಸಿಟ್ಟಾಗದೆ, ಲೆಕ್ಕ ಬಿಡಿಸುವವನ ಹಾಗೆ ಯೋಚಿಸಿದ.

"ನನಗೂ ಗೊತ್ತಿಲ್ಲ ಮಾಮಾ. ಬಿಡತಿದ್ದಿಲ್ಲ ಅಂತ ಅನಿಸ್ತೈತಿ. ಆದ್ರ ಅದನ್ನ ಗೊತ್ತ ಮಾಡ್ಕೊಳ್ಳಾಕ ನೀವು ಬಿಡಲಿಲ್ಲ, ಅಷ್ಟ."

ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು. ಅವನು ಪರವಾಗಿಲ್ಲ ಎನ್ನಲಿಲ್ಲ. ಮನೆಗೆ ಹೋಗೋಣ, ಬಿಸಿಲು ಇಳಿಯಿತು ಎಂದ. ಸ್ವಲ್ಪ ದೂರ ನಡೆದ ಮೇಲೆ ನಿಂತು, "ಇದನ್ನ ಆಕಿ ಮುಂದ ಮಾತ್ರ ಹೇಳಬ್ಯಾಡ್ರಿ. ತನ್ನ ಸಲುವಾಗಿ ಅಂತ ತಿಳದ್ರ ಆಕಿಗೆ ನನ್ನ ಕೂಡ ಬಾಳೇ ಮಾಡೂದು ಆಗಂಗಿಲ್ಲ" ಎಂದ.

ಹೇಳಲಿಲ್ಲ. ಅವಳು ಬದುಕಿರುವವರೆಗೆ ಹೇಳಲಿಲ್ಲ. ಅವಳು ಆ ಭಾಷಣದ ಕಥೆಯನ್ನು ತನ್ನ ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಹೇಳುತ್ತಲೇ ಹೋದಳು. ಅವಳ ಮಾತಿನಲ್ಲಿ ಅದು ವರ್ಷವರ್ಷಕ್ಕೆ ದೊಡ್ಡದಾಗುತ್ತ ಹೋಯಿತು. ಅವಳ ಪಾಲಿನ ಓದನ್ನೂ ನಾನು ಕಸಿದುಕೊಂಡಿದ್ದೆ. ಗಂಡನ ಸರಿಸಮಕ್ಕೆ ನಿಲ್ಲಲಾರದವಳು ಎಂದು ಹತ್ತು ವರ್ಷದ ಹುಡುಗಿಯ ಬಗ್ಗೆ ತೀರ್ಪು ಕೊಟ್ಟಿದ್ದೆ. ಅದಕ್ಕೆ ಅವಳ ಹತ್ತಿರ ತಪ್ಪಾಯಿತು ಎನ್ನಲು ದಾರಿಯೇ ಉಳಿಯಲಿಲ್ಲ. ಒಬ್ಬರ ಕ್ಷಮೆ ಕೇಳಿದರೆ ಇನ್ನೊಬ್ಬರ ಮನೆ ಒಡೆಯುತ್ತಿತ್ತು.

ಹೋದ ಶ್ರಾವಣಕ್ಕೆ ಅವಳು ತೀರಿಕೊಂಡಳು. ಅಳಿಯ ಈಗಲೂ ಇದೇ ಮನೆಯಲ್ಲಿದ್ದಾನೆ. ಅವನ ತಲೆಯೂ ನೆರೆತಿದೆ. ಕಟ್ಟೆಯ ಮೇಲೆ ಕಾಲೇಜಿನ ವಾದ ಎದ್ದಾಗ ಜನ ಅವನನ್ನೂ ಕೇಳುತ್ತಾರೆ. ಅವನು ನಕ್ಕು, ಮಾಮಾ ಹೇಳಬೇಕು ಎಂದು ನನ್ನ ಕಡೆಗೆ ಕೈ ತೋರಿಸುತ್ತಾನೆ. ಅದು ಚೇಷ್ಟೆಯೋ, ಮುಳ್ಳೋ, ಬರೀ ರೂಢಿಯೋ ನನಗೆ ತಿಳಿಯುವುದಿಲ್ಲ. ಕೇಳುವುದಕ್ಕೂ ಆಗುವುದಿಲ್ಲ. ಇಷ್ಟನ್ನು ಬರೆಯಲು ಎಂಟು ದಿನ ಹಿಡಿದಿದೆ. ಅವನು ಪಕ್ಕದ ಕೋಣೆಗೆ ಬಂದಾಗಲೆಲ್ಲ ಕಾಗದದ ಮೇಲೆ ಪಂಚಾಂಗ ಇಟ್ಟು ಮುಚ್ಚಿದ್ದೇನೆ. ಮಗಳ ಹತ್ತಿರ ಹೇಳಲಾಗದೆ ಹೋದ ತಪ್ಪೂ ಇದರಲ್ಲಿದೆ, ಈಗ ಓದಬೇಕಾದವನು ಅವನೇ ಎಂದು ಗೊತ್ತಿದೆ. ಕೊಡುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.